ಯುದ್ಧದ ನಡುವೆ ನೆರವಿನ ಮಾಹಿತಿ ತಲುಪಿಸುವುದು ಹೇಗೆ: ಸಂವಹನ ಕೆಲಸಕ್ಕೊಂದು ಸಮಗ್ರ ಮಾರ್ಗದರ್ಶಿ

ಯುದ್ಧ ನಡೆಯುವ ಜಾಗದಲ್ಲಿ ಆಹಾರ, ನೀರು, ಔಷಧಿ, ಟಾರ್ಪಾಲು ಇವೆಲ್ಲ ನೆರವು ಎಂದು ಎಲ್ಲರೂ ಒಪ್ಪುತ್ತಾರೆ. ‘ನಾಳೆ ನೀರಿನ ಟ್ಯಾಂಕರ್ ಶಾಲೆಯ ಹತ್ತಿರ ಬರುವುದಿಲ್ಲ, ಆಸ್ಪತ್ರೆಯ ಹಿಂದೆ ನಿಲ್ಲುತ್ತದೆ’ ಎನ್ನುವ ಒಂದು ಸಾಲೂ ನೆರವೇ. ಆ ಸಾಲು ಸಿಗದಿದ್ದರೆ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಶೆಲ್ ಬೀಳುವ ರಸ್ತೆಯಲ್ಲಿ ನಡೆದು ಹೋಗುತ್ತಾಳೆ. ಖಾಲಿ ಕೊಡ ಹಿಡಿದು ವಾಪಸ್ ಬರುತ್ತಾಳೆ. ಕೆಲವೊಮ್ಮೆ ವಾಪಸ್ ಬರುವುದೂ ಇಲ್ಲ.

ನೆರವು ಸಂಸ್ಥೆಯೊಂದರಲ್ಲಿ ಸಂವಹನದ ಕೆಲಸ ಹಿಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಎರಡು ಮುಖ. ಒಂದು, ಯುದ್ಧದಲ್ಲಿ ಸಿಕ್ಕಿಕೊಂಡ ಜನರ ಜೊತೆಗಿನ ಮಾತು. ಇನ್ನೊಂದು, ಪತ್ರಕರ್ತರು, ದಾನಿಗಳು, ಸರ್ಕಾರಗಳ ಜೊತೆಗಿನ ಮಾತು. ಬಹಳ ಕಡೆ ಎರಡನೆಯದಕ್ಕೇ ಜಾಸ್ತಿ ಸಮಯ, ಜಾಸ್ತಿ ದುಡ್ಡು ಹೋಗುತ್ತದೆ. ನನ್ನ ಪ್ರಕಾರ ಸರದಿಯಲ್ಲಿ ನಿಂತವರಿಗೆ ಮೊದಲ ಜಾಗ, ಕ್ಯಾಮೆರಾಗೆ ಆಮೇಲಿನದು. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ.

ಹಂತ 1: ಹೊರಡುವ ಮುನ್ನ ನಿಯಮವನ್ನೂ ನೆಲವನ್ನೂ ಓದಿಕೊಳ್ಳಿ

ಮಾನವೀಯತೆ, ತಟಸ್ಥತೆ, ನಿಷ್ಪಕ್ಷಪಾತ, ಸ್ವಾತಂತ್ರ್ಯ. ಈ ನಾಲ್ಕು ಬಾಯಿಪಾಠ ಇರಲಿ. ಮೊದಲ ಮೂರು 1991ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಪ್ಪಿದ 46/182ನೇ ನಿರ್ಣಯದಲ್ಲಿವೆ. ನಾಲ್ಕನೆಯದು ಆಮೇಲೆ ಸೇರಿತು. ಕೇಳಲು ದೊಡ್ಡ ಮಾತುಗಳು, ಆದರೆ ದಿನದ ಕೆಲಸದಲ್ಲಿ ಅರ್ಥ ಸರಳ. ತಟಸ್ಥತೆ ಎಂದರೆ ಯಾರ ಗೆಲುವನ್ನೂ ಬಯಸುವಂತೆ ಮಾತಾಡದಿರುವುದು. ನಿಷ್ಪಕ್ಷಪಾತ ಎಂದರೆ ಯಾವ ಕಡೆಯವರು ಎಂದು ಕೇಳದೆ, ಅಗತ್ಯ ಹೆಚ್ಚಿರುವವರಿಗೆ ಮೊದಲು ಕೊಡುವುದು. ನೀವು ಹಾಕುವ ಒಂದು ಪೋಸ್ಟ್ ಇದನ್ನು ಮುರಿದಂತೆ ಕಂಡರೂ ಸಾಕು. ಮರುದಿನ ಚೆಕ್‌ಪೋಸ್ಟ್‌ನಲ್ಲಿ ಅದಕ್ಕೆ ಉತ್ತರ ಕೊಡಬೇಕಾದವನು ನಿಮ್ಮ ಲಾರಿಯ ಚಾಲಕ.

ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಚಳವಳಿ, ಜೊತೆಗೆ ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಂದು ನಡತೆ ಸಂಹಿತೆ ಮಾಡಿಕೊಂಡವು. ಅದರ ಹತ್ತು ಅಂಶಗಳಲ್ಲಿ ಕೊನೆಯದು ನಮಗೆಂದೇ ಬರೆದಂತಿದೆ: ಪ್ರಚಾರದಲ್ಲಿ ಕಷ್ಟಕ್ಕೆ ಸಿಕ್ಕವರನ್ನು ಕೈಲಾಗದ ವಸ್ತುಗಳಂತೆ ತೋರಿಸಬಾರದು, ಘನತೆಯುಳ್ಳ ಮನುಷ್ಯರಾಗಿ ತೋರಿಸಬೇಕು. ಫೋಟೋ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಇನ್ನು ನೆಲ. ಯಾವ ಊರು ಯಾರ ಕೈಯಲ್ಲಿದೆ, ಯಾವ ರಸ್ತೆಯಲ್ಲಿ ಎಷ್ಟು ಚೆಕ್‌ಪೋಸ್ಟ್ ಇವೆ, ಪ್ರತಿ ಪಕ್ಷ ತನ್ನನ್ನು ಏನೆಂದು ಕರೆದುಕೊಳ್ಳುತ್ತದೆ, ಜನರಿಗೆ ಹಿಂದೆ ಯಾವ ನೆರವು ಸಂಸ್ಥೆಯ ಮೇಲೆ ಯಾಕೆ ಬೇಸರವಾಗಿತ್ತು, ಇವನ್ನೆಲ್ಲ ತಿಳಿದುಕೊಳ್ಳಿ. ಬರೆದಿಟ್ಟುಕೊಂಡರೆ ಆ ಹಾಳೆಯನ್ನು ಜೇಬಿನಲ್ಲಿಟ್ಟು ಓಡಾಡಬೇಡಿ. ಬಂದೂಕು ಹಿಡಿದು ಗಾಬರಿಯಲ್ಲಿರುವ ಹುಡುಗನಿಗೆ ಅದು ಗೂಢಚಾರಿಕೆಯ ಕಾಗದದಂತೆಯೇ ಕಾಣುತ್ತದೆ.

ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರನ್ನು ಹುಡುಕಿ. ದೊಡ್ಡ ತುರ್ತು ಪರಿಸ್ಥಿತಿಗಳಲ್ಲಿ 2005ರಿಂದ ಕೆಲಸವನ್ನು ‘ಕ್ಲಸ್ಟರ್’ಗಳಾಗಿ ಹಂಚಿಕೊಳ್ಳುವ ಪದ್ಧತಿ ಇದೆ. ಆರೋಗ್ಯಕ್ಕೊಂದು, ನೀರಿಗೊಂದು, ಹೀಗೆ. ತುರ್ತು ದೂರಸಂಪರ್ಕದ ಕ್ಲಸ್ಟರನ್ನು ವಿಶ್ವ ಆಹಾರ ಕಾರ್ಯಕ್ರಮ ಮುನ್ನಡೆಸುತ್ತದೆ. ಎಲ್ಲರ ನಡುವಿನ ಹೊಂದಾಣಿಕೆಯನ್ನು ವಿಶ್ವಸಂಸ್ಥೆಯ ಓಚಾ ಕಚೇರಿ ನೋಡಿಕೊಳ್ಳುತ್ತದೆ. ಇವರ ಸಭೆಗೆ ಹೋಗಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಯುದ್ಧ ಶುರುವಾದಾಗ ವಿದೇಶಿ ಸಿಬ್ಬಂದಿಯಲ್ಲಿ ಬಹಳಷ್ಟು ಜನ ಖಾರ್ಟೂಮ್ ಬಿಟ್ಟು ಹೊರಟರು. ಅಲ್ಲೇ ಉಳಿದು ಸಾಮೂಹಿಕ ಅಡುಗೆಮನೆ ನಡೆಸಿದವರು, ಗಾಯಗೊಂಡವರನ್ನು ಸಾಗಿಸಿದವರು ‘ತುರ್ತು ಸ್ಪಂದನಾ ಕೊಠಡಿ’ ಎಂಬ ಹೆಸರಿನ ಬಡಾವಣೆ ಮಟ್ಟದ ಸ್ವಯಂಸೇವಕರು. ಇಂಥ ಗುಂಪುಗಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಹಂತ 2: ಜನರಿಗೆ ಸುದ್ದಿ ಹೇಗೆ ಸಿಗುತ್ತಿದೆ ಎಂದು ನೋಡಿ

ಪೋಸ್ಟರ್ ಮುದ್ರಿಸುವ ಮೊದಲು ಎರಡು ದಿನ ಸುಮ್ನೆ ನಡೆದಾಡಿ. ಬಾವಿಯ ಬಳಿ, ಫೋನ್ ಚಾರ್ಜ್ ಮಾಡುವ ಅಂಗಡಿಯಲ್ಲಿ, ಕ್ಲಿನಿಕ್‌ನ ಸಾಲಿನಲ್ಲಿ ನಿಂತು ಮಾತಾಡಿ. ಕೇಳಬೇಕಾದ್ದು ಇಷ್ಟು: ಆಹಾರ ಹಂಚಿಕೆಯ ಸುದ್ದಿ ಕಳೆದ ಸಲ ಯಾರಿಂದ ಗೊತ್ತಾಯಿತು? ಯಾರ ಮಾತನ್ನು ನಂಬುತ್ತೀರಿ? ಮನೆಯಲ್ಲಿ ರೇಡಿಯೋ ಇದೆಯಾ? ಫೋನ್ ಯಾರ ಕೈಯಲ್ಲಿರುತ್ತದೆ? ಮನೆಯಲ್ಲಿ ಒಂದೇ ಫೋನ್ ಇದ್ದು ಅದು ಗಂಡನ ಜೇಬಿನಲ್ಲಿದ್ದರೆ, ಹೆಂಗಸರ ಆರೋಗ್ಯದ ಬಗ್ಗೆ ನೀವು ಕಳಿಸಿದ ಮೆಸೇಜು ಹೆಂಗಸರಿಗೆ ಸಿಗಲೇ ಇಲ್ಲ.

ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ, ಯಾವ ಭಾಷೆ ಓದಲು ಬರುತ್ತದೆ ಎಂದೂ ಕೇಳಿ. ಎರಡೂ ಒಂದೇ ಆಗಿರಬೇಕಿಲ್ಲ. ಈಶಾನ್ಯ ನೈಜೀರಿಯಾದ ಬೋರ್ನೊ ರಾಜ್ಯದಲ್ಲಿ ಹೌಸಾ ಬಹಳ ಜನರ ನಡುವಿನ ಸಂಪರ್ಕ ಭಾಷೆ, ನಿಜ. ಆದರೆ ಮನೆ ಬಿಟ್ಟು ಬಂದವರಲ್ಲಿ ಎಷ್ಟೋ ಜನರ ತಾಯ್ನುಡಿ ಕನೂರಿ, ಶುವಾ ಅರಬ್ಬಿ, ಮರ್ಗಿ. ಹೌಸಾದಲ್ಲಿ ಮಾತ್ರ ಬೋರ್ಡ್ ಬರೆದರೆ ವಯಸ್ಸಾದ ಹೆಂಗಸರು ಮೊದಲು ಹೊರಗುಳಿಯುತ್ತಾರೆ. ಇನ್ನೊಂದು ಉದಾಹರಣೆ ರೋಹಿಂಗ್ಯಾ ಜನರದು. 2017ರ ಆಗಸ್ಟ್‌ನಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಮ್ಯಾನ್ಮಾರ್‌ನಿಂದ ಬಾಂಗ್ಲಾದೇಶಕ್ಕೆ ಓಡಿಬಂದರು. ಅವರ ಭಾಷೆಗೆ ಎಲ್ಲರೂ ಓದುವಂಥ ಒಂದೇ ಲಿಪಿ ಇಲ್ಲ. ಅಂಥಲ್ಲಿ ಕರಪತ್ರದ ಬದಲು ಧ್ವನಿ ಮತ್ತು ಚಿತ್ರದ ಮೊರೆ ಹೋಗಬೇಕು.

ಕಿವಿ ಕೇಳದವರು, ಕಣ್ಣು ಕಾಣದವರು, ಹಾಸಿಗೆ ಬಿಟ್ಟು ಏಳಲಾಗದವರು ಎಲ್ಲಿದ್ದಾರೆ ಎಂಬ ಪಟ್ಟಿ ಆರೋಗ್ಯ ಕಾರ್ಯಕರ್ತರ ಹತ್ತಿರ ಸಾಮಾನ್ಯವಾಗಿ ಇರುತ್ತದೆ. ಅದನ್ನು ನಿಮ್ಮ ಫೋನಿಗೆ ನಕಲು ಮಾಡಿಕೊಳ್ಳಬೇಡಿ. ಆ ಮನೆಗಳಿಗೆ ಸುದ್ದಿ ಮುಟ್ಟಿಸುವಂತೆ ಆ ಕಾರ್ಯಕರ್ತರನ್ನೇ ಕೇಳಿಕೊಳ್ಳಿ.

ಹಂತ 3: ಮೊದಲ ಸಂದೇಶ ಬರೆಯಿರಿ

ಕಚೇರಿಯಿಂದ ಬರುವ ಪಠ್ಯ ಹೆಚ್ಚಾಗಿ ಹೀಗಿರುತ್ತದೆ:

“ಆದ್ಯತಾ ದುರ್ಬಲ ವರ್ಗದ ಫಲಾನುಭವಿಗಳಿಗೆ ಆಹಾರೇತರ ಸಾಮಗ್ರಿಗಳ ವಿತರಣೆಯನ್ನು ಹಮ್ಮಿಕೊಳ್ಳಲಾಗಿದೆ.”

ಇದನ್ನು ಕೇಳಿದವರಿಗೆ ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು, ತಾವು ಪಟ್ಟಿಯಲ್ಲಿದ್ದೇವಾ ಎನ್ನುವುದು ಗೊತ್ತಾಗುವುದಿಲ್ಲ. ಹೀಗೆ ಬರೆದು ನೋಡಿ:

“ಮಂಗಳವಾರ ಬೆಳಿಗ್ಗೆ 8ರಿಂದ 12ರವರೆಗೆ ಕ್ಲಿನಿಕ್ ಪಕ್ಕದ ಮೈದಾನದಲ್ಲಿ ಕಂಬಳಿ, ಬಕೆಟ್, ಸೋಪು ಕೊಡುತ್ತೇವೆ. ಕಳೆದ ವಾರ ಹಳದಿ ಚೀಟಿ ಪಡೆದ ಮನೆಗಳಿಗೆ ಮಾತ್ರ. ಚೀಟಿ ಸಿಗದವರ ಹೆಸರನ್ನು ಗುರುವಾರ ಅದೇ ಜಾಗದಲ್ಲಿ ಬರೆದುಕೊಳ್ಳುತ್ತೇವೆ. ನಡೆಯಲಾಗದವರ ಚೀಟಿಯನ್ನು ಮನೆಯ ಬೇರೆಯವರು ತರಬಹುದು. ಎಲ್ಲವೂ ಉಚಿತ. ಇದಕ್ಕಾಗಿ ಯಾರಾದರೂ ದುಡ್ಡು ಕೇಳಿದರೆ, ಮೈ ಕೇಳಿದರೆ, ಬಿಟ್ಟಿ ಕೆಲಸ ಕೇಳಿದರೆ ಒಪ್ಪಬೇಡಿ. ಈ ನಂಬರಿಗೆ ಹೇಳಿ. ಗುಂಡಿನ ಸದ್ದು ಕೇಳಿದರೆ ಬರಬೇಡಿ. ನಿಮ್ಮ ಪಾಲು ತಪ್ಪುವುದಿಲ್ಲ.”

ಈ ಸಂದೇಶದ ಎರಡು ಸಾಲುಗಳ ಬಗ್ಗೆ ಹೇಳಲೇಬೇಕು.

‘ಎಲ್ಲವೂ ಉಚಿತ’ ಎಂಬುದು ನಮಗೆ ಗೊತ್ತಿರುವ ವಿಷಯ. ಸಾಲಿನಲ್ಲಿ ನಿಂತವರಿಗೆ ಗೊತ್ತಿರುತ್ತದೆ ಎಂದುಕೊಳ್ಳಬೇಡಿ. ಹಸಿದವರ ಮುಂದೆ ಚೀಟಿ ಹಿಡಿದು ನಿಂತವನಿಗೆ ಬಹಳ ಅಧಿಕಾರ ಬರುತ್ತದೆ. ನೆರವಿನ ಹೆಸರಿನಲ್ಲಿ ಲೈಂಗಿಕ ಶೋಷಣೆ ನಡೆದದ್ದು ಬೆಳಕಿಗೆ ಬಂದ ಮೇಲೆ, 2002ರಲ್ಲಿ ವಿಶ್ವಸಂಸ್ಥೆ ಮತ್ತು ನೆರವು ಸಂಸ್ಥೆಗಳ ಜಂಟಿ ಸಮಿತಿ ಸಿಬ್ಬಂದಿಯ ನಡತೆಗೆ ಆರು ಮೂಲ ನಿಯಮಗಳನ್ನು ತಂದಿತು. ಆ ನಿಯಮ ಕಡತದಲ್ಲಿದ್ದರೆ ಹುಡುಗಿಯೊಬ್ಬಳಿಗೆ ಉಪಯೋಗ ಇಲ್ಲ. ಅವಳ ಭಾಷೆಯಲ್ಲಿ, ಪ್ರತಿ ಪ್ರಕಟಣೆಯಲ್ಲಿ, ಪ್ರತಿ ಸಲ ಹೇಳಬೇಕು.

‘ನಿಮ್ಮ ಪಾಲು ತಪ್ಪುವುದಿಲ್ಲ’ ಎಂಬುದು ಇನ್ನೂ ಮುಖ್ಯ. ಜನ ಗುಂಡಿನ ನಡುವೆ ಯಾಕೆ ಬರುತ್ತಾರೆ? ಇವತ್ತು ತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂಬ ಭಯಕ್ಕೆ. ಆ ಭಯ ಹೋದರೆ ಮನೆಯಲ್ಲೇ ಉಳಿಯುತ್ತಾರೆ. ಆದರೆ ಈ ಸಾಲು ಬರೆಯುವ ಮುನ್ನ ಗೋದಾಮಿನವರನ್ನು, ಹಂಚುವವರನ್ನು ಕೂರಿಸಿಕೊಂಡು ಕೇಳಿ: ನಿಜವಾಗಿ ಎತ್ತಿಡುತ್ತೀರಾ? ಆಗುವುದಿಲ್ಲ ಎಂದರೆ ಆ ಸಾಲನ್ನು ತೆಗೆಯಿರಿ. ಒಂದು ಸಲ ಮಾತು ತಪ್ಪಿದರೆ ಮುಂದಿನ ಹತ್ತು ಪ್ರಕಟಣೆಗಳನ್ನು ಯಾರೂ ನಂಬುವುದಿಲ್ಲ.

ಬರೆದಾದ ಮೇಲೆ ಐದು ಜನರಿಗೆ ಓದಿ ಹೇಳಿ. ಅದರಲ್ಲಿ ಒಬ್ಬರು ವಯಸ್ಸಾದವರು, ಒಬ್ಬರು ಓದು ಬಾರದವರು ಇರಲಿ. ‘ಅರ್ಥವಾಯಿತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ‘ಪಕ್ಕದ ಮನೆಯವರಿಗೆ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಕೇಳಿ. ಅವರು ಹೇಳುವಾಗ ತಪ್ಪಿದ ಜಾಗವೇ ನೀವು ತಿದ್ದಬೇಕಾದ ಜಾಗ.

ಎಷ್ಟು ಮುಂಚೆ ಪ್ರಕಟಿಸಬೇಕು ಎನ್ನುವುದನ್ನು ಒಬ್ಬರೇ ತೀರ್ಮಾನಿಸಬೇಡಿ. ನೂರಾರು ಜನ ಒಂದು ಹೊತ್ತಿಗೆ ಒಂದು ಕಡೆ ಸೇರುತ್ತಾರೆ ಎಂಬ ಸುದ್ದಿ ಅವರಿಗೆ ಎಷ್ಟು ಬೇಕೋ, ಅವರನ್ನು ದೋಚುವವರಿಗೂ ದಾಳಿ ಮಾಡುವವರಿಗೂ ಅಷ್ಟೇ ಉಪಯೋಗ. ಭದ್ರತೆ ನೋಡಿಕೊಳ್ಳುವವರ ಜೊತೆ ಕೂತು ನಿರ್ಧರಿಸಿ. ಕೆಲವು ಕಡೆ ಮೂರು ದಿನ ಮುಂಚೆ ರೇಡಿಯೋದಲ್ಲಿ ಹೇಳಬಹುದು. ಕೆಲವು ಕಡೆ ಅದೇ ಬೆಳಿಗ್ಗೆ ಸ್ವಯಂಸೇವಕರು ಮನೆಮನೆಗೆ ಹೋಗಿ ಮೆತ್ತಗೆ ಹೇಳಬೇಕಾಗುತ್ತದೆ.

ಹೇಳಲು ಏನೂ ಇಲ್ಲದ ದಿನಗಳೂ ಬರುತ್ತವೆ. ಲಾರಿ ಗಡಿಯಲ್ಲಿ ನಿಂತಿದೆ, ಯಾವಾಗ ಬಿಡುತ್ತಾರೋ ಗೊತ್ತಿಲ್ಲ. ಆಗ ಅದನ್ನೇ ಹೇಳಿ: “ಲಾರಿ ಇನ್ನೂ ಬಂದಿಲ್ಲ. ಯಾವಾಗ ಬರುತ್ತದೆ ನಮಗೆ ಗೊತ್ತಿಲ್ಲ. ನಾಳೆ ಸಂಜೆ 4ಕ್ಕೆ ಮತ್ತೆ ಬಂದು ತಿಳಿಸುತ್ತೇವೆ.” ಮರುದಿನ 4ಕ್ಕೆ ಹೊಸ ಸುದ್ದಿ ಇಲ್ಲದಿದ್ದರೂ ಹೋಗಿ ನಿಲ್ಲಿ.

ಹಂತ 4: ಒಂದು ದಾರಿ ಮುಚ್ಚಿದರೆ ಇನ್ನೊಂದು ಇರಲಿ

2024ರ ಫೆಬ್ರುವರಿಯಲ್ಲಿ ಸುಡಾನ್‌ನ ಬಹುಭಾಗದಲ್ಲಿ ಫೋನ್, ಇಂಟರ್ನೆಟ್ ಎರಡೂ ನಿಂತುಹೋದವು. ಅಲ್ಲಿ ಸ್ವಯಂಸೇವಕರ ಸಾಮೂಹಿಕ ಅಡುಗೆಮನೆಗಳಿಗೆ ದುಡ್ಡು ಬರುತ್ತಿದ್ದದ್ದೂ ಮೊಬೈಲ್ ಆ್ಯಪ್ ಮೂಲಕವೇ. ಹಾಗಾಗಿ ಸುದ್ದಿಯ ಜೊತೆ ಊಟವೂ ನಿಂತಿತು. ನೆಟ್‌ವರ್ಕ್ ಇದೆ ಎಂಬ ಧೈರ್ಯದ ಮೇಲೆ ಯೋಜನೆ ಮಾಡಬೇಡಿ ಎನ್ನಲು ಇದಕ್ಕಿಂತ ಹೆಚ್ಚಿನ ಉದಾಹರಣೆ ಬೇಕಿಲ್ಲ.

ಪ್ರತಿ ಮುಖ್ಯ ಸಂದೇಶಕ್ಕೂ ಮೂರು ದಾರಿ ಇಟ್ಟುಕೊಳ್ಳಿ. ಒಂದು ನೆಟ್‌ವರ್ಕ್ ಬೇಕಾದದ್ದು, ಒಂದು ಕರೆಂಟ್ ಅಥವಾ ಬ್ಯಾಟರಿ ಮಾತ್ರ ಸಾಕಾದದ್ದು, ಒಂದು ಏನೂ ಬೇಡದ್ದು. ಅಂದರೆ ಫೋನ್ ಮೆಸೇಜು, ರೇಡಿಯೋ ಅಥವಾ ಮೆಗಾಫೋನು, ಮತ್ತು ಬಾಯಿಮಾತು. ಧ್ವನಿಮುದ್ರಣವನ್ನು ಮೆಮೊರಿ ಕಾರ್ಡಿನಲ್ಲಿ ಹಾಕಿ ಆಟೋ ಚಾಲಕರಿಗೆ, ಚಾರ್ಜಿಂಗ್ ಅಂಗಡಿಯವರಿಗೆ ಕೊಟ್ಟರೂ ದೂರದವರೆಗೆ ಹೋಗುತ್ತದೆ.

ರೇಡಿಯೋ ಹಳೆಯದಾಯಿತು ಎನ್ನುವವರ ಮಾತು ಕೇಳಬೇಡಿ. ಕಾಂಗೊದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಮತ್ತು ಹಿರೊಂಡೆಲ್ ಪ್ರತಿಷ್ಠಾನ ಎಂಬ ಮಾಧ್ಯಮ ಸಂಸ್ಥೆ ಸೇರಿ 2002ರಲ್ಲಿ ಶುರು ಮಾಡಿದ ರೇಡಿಯೋ ಒಕಾಪಿ ಫ್ರೆಂಚ್ ಜೊತೆಗೆ ಲಿಂಗಾಲ, ಸ್ವಾಹಿಲಿ, ಕಿಕೊಂಗೊ, ಚಿಲೂಬಾ ಭಾಷೆಗಳಲ್ಲಿ ಸುದ್ದಿ ಕೊಡುತ್ತಾ ಬಂದಿದೆ. ಆದರೆ ಯಾವ ಸ್ಟೇಷನ್ ಜೊತೆ ಕೈಜೋಡಿಸುತ್ತೀರಿ ಎಂದು ಎಚ್ಚರದಿಂದ ನೋಡಿ. 1994ರಲ್ಲಿ ರುವಾಂಡಾದ ಆರ್‌ಟಿಎಲ್‌ಎಂ ರೇಡಿಯೋ ಟುಟ್ಸಿ ಜನಾಂಗದವರನ್ನು ಕೊಲ್ಲಿ ಎಂದು ಕೂಗುತ್ತಿತ್ತು. ಕೊಲ್ಲಬೇಕಾದವರ ಹೆಸರನ್ನೂ ಹೇಳುತ್ತಿತ್ತು. ನಿಮ್ಮ ಲಸಿಕೆ ಪ್ರಕಟಣೆಯ ಹಿಂದೆ ಮುಂದೆ ಯಾವ ಕಾರ್ಯಕ್ರಮ ಬರುತ್ತದೆ ಎಂದು ಒಂದು ವಾರ ಕೂತು ಕೇಳಿ.

ಸಿಬ್ಬಂದಿಯ ಸಂಪರ್ಕದ ಬಗ್ಗೆ ಚುಟುಕಾಗಿ. ಹತ್ತಿರಕ್ಕೆ ವಿಎಚ್‌ಎಫ್ ವಾಕಿಟಾಕಿ, ದೂರಕ್ಕೆ ಎಚ್‌ಎಫ್ ರೇಡಿಯೋ ಅಥವಾ ಸ್ಯಾಟಲೈಟ್ ಫೋನ್. ಎಲ್ಲದಕ್ಕೂ ಲಿಖಿತ ಅನುಮತಿ ಇರಬೇಕು. ಅನುಮತಿ ಇಲ್ಲದ ಸ್ಯಾಟಲೈಟ್ ಫೋನ್ ಜೊತೆ ಸಿಕ್ಕಿಬಿದ್ದರೆ ನೆರವಿನವರು ಎಂದು ಯಾರೂ ನಂಬುವುದಿಲ್ಲ. ವಾಕಿಟಾಕಿಯನ್ನು ಎಲ್ಲ ಪಕ್ಷದವರೂ ಕೇಳುತ್ತಿರುತ್ತಾರೆ. ಸೈನಿಕರು ಎಲ್ಲಿದ್ದಾರೆ, ಎತ್ತ ಹೊರಟರು ಎಂಬುದನ್ನು ಅದರಲ್ಲಿ ಎಂದೂ ಹೇಳಬೇಡಿ.

ಹಂತ 5: ಗಾಳಿಮಾತನ್ನು ಬೈಯಬೇಡಿ, ಕೇಳಿಸಿಕೊಳ್ಳಿ

ಪೂರ್ವ ಕಾಂಗೊದಲ್ಲಿ, ಸಶಸ್ತ್ರ ಗುಂಪುಗಳ ಹೊಡೆದಾಟದ ನಡುವೆಯೇ, 2018ರ ಆಗಸ್ಟ್ 1ರಂದು ಎಬೋಲಾ ಹರಡುತ್ತಿದೆ ಎಂದು ಘೋಷಣೆಯಾಯಿತು. ಅದು ಮುಗಿದದ್ದು 2020ರ ಜೂನ್ 25ಕ್ಕೆ. 2,200ಕ್ಕೂ ಹೆಚ್ಚು ಜನ ಸತ್ತರು. ಶವಸಂಸ್ಕಾರಕ್ಕೆ ಬಂದ ತಂಡಗಳ ಮೇಲೆ, ಚಿಕಿತ್ಸಾ ಕೇಂದ್ರಗಳ ಮೇಲೆ ದಾಳಿಗಳಾದವು. ಊರಿನವರ ನಡುವೆ ಒಂದು ಮಾತು ಓಡಾಡುತ್ತಿತ್ತು: ಚೀಲದಲ್ಲಿ ಹೆಣ ಇಲ್ಲ, ಕಲ್ಲು ತುಂಬಿದ್ದಾರೆ, ಅಂಗಾಂಗ ಕದ್ದಿದ್ದಾರೆ.

ಇದನ್ನು ‘ಸುಳ್ಳು ಸುದ್ದಿ’ ಎಂದು ಪೋಸ್ಟರ್ ಹಾಕಿ ಸುಮ್ಮನಾಗಬಹುದಿತ್ತು. ರೆಡ್ ಕ್ರಾಸ್ ಸ್ವಯಂಸೇವಕರು ಆ ಮಾತುಗಳನ್ನು ಒಂದೊಂದಾಗಿ ಬರೆದುಕೊಂಡರು. ಅವುಗಳ ಹಿಂದಿದ್ದ ಪ್ರಶ್ನೆ ತುಂಬ ಮನುಷ್ಯ ಸಹಜವಾದದ್ದು: ನಮ್ಮವರ ಮುಖವನ್ನು ಕೊನೆಯ ಸಲ ನೋಡಲು ಯಾಕೆ ಬಿಡುವುದಿಲ್ಲ? ಆಮೇಲೆ ಒಳಗಿರುವವರು ಕಾಣುವಂಥ ಪಾರದರ್ಶಕ ಶವಚೀಲ ಬಳಕೆಗೆ ಬಂತು. ಅಲಿಮಾ ಎಂಬ ವೈದ್ಯಕೀಯ ಸಂಸ್ಥೆ ಪಾರದರ್ಶಕ ಗೋಡೆಯ ಚಿಕಿತ್ಸಾ ಕೋಣೆ ಬಳಸಿತು. ಮನೆಯವರು ಹೊರಗೆ ನಿಂತು ರೋಗಿಯ ಮುಖ ನೋಡಬಹುದಿತ್ತು. ಜನರ ಮಾತಿನಿಂದ ಕೆಲಸದ ರೀತಿಯೇ ಬದಲಾಯಿತು. ಸಂವಹನ ಅಂದರೆ ನನ್ನ ಮಟ್ಟಿಗೆ ಇದು.

ನೀವು ಮಾಡಬೇಕಾದ್ದು: ಒಂದು ಪುಸ್ತಕ ಇಡಿ. ದಿನಾಂಕ, ಬಡಾವಣೆ, ಕೇಳಿದ ಮಾತು ಅವರದೇ ಪದಗಳಲ್ಲಿ, ಎಷ್ಟು ಕಡೆ ಕೇಳಿಸಿತು, ಇದರಿಂದ ಯಾರಿಗಾದರೂ ಪೆಟ್ಟಾಗಬಹುದಾ, ಇಷ್ಟು ಕಾಲಂ ಸಾಕು. ಹೇಳಿದವರ ಹೆಸರು ಬೇಡ. ಪ್ರತಿದಿನ ಸಂಜೆ ಆ ಪುಸ್ತಕವನ್ನು ಕಾರ್ಯಕ್ರಮ ನಡೆಸುವವರ ಮುಂದೆ ಇಡಿ. ‘ಆ ರಸ್ತೆ ತೆರೆದಿದೆಯಂತೆ’ ಎಂಬಂಥ ಜೀವಕ್ಕೆ ಅಪಾಯ ತರುವ ಮಾತಿಗೆ ಅದೇ ದಿನ ಉತ್ತರ ಹೋಗಬೇಕು. ಉತ್ತರ ಕೊಡುವಾಗ ಗಾಳಿಮಾತನ್ನು ಮತ್ತೆ ದೊಡ್ಡದಾಗಿ ಹೇಳದೆ, ನಿಜ ಏನು ಎಂಬುದರಿಂದಲೇ ಶುರು ಮಾಡಿ. ಉತ್ತರ ಹೇಳುವವರು ನೀವೇ ಆಗಬೇಕಿಲ್ಲ. ಊರ ಸೂಲಗಿತ್ತಿ, ಶಿಕ್ಷಕಿ, ಪ್ರಾರ್ಥನಾ ಮಂದಿರದ ಹಿರಿಯರು ಹೇಳಿದರೆ ಬೇಗ ನಾಟುತ್ತದೆ.

ಹಂತ 6: ಫೋಟೋ, ಕಥೆ, ಒಪ್ಪಿಗೆ

ಈಗ ಕ್ಯಾಮೆರಾ ತೆಗೆಯಬಹುದು. ತೆಗೆಯುವ ಮೊದಲು ಮಾತಾಡಿ. ಫೋಟೋ ಎಲ್ಲಿ ಬರುತ್ತದೆ, ಯಾರೆಲ್ಲ ನೋಡಬಹುದು ಎಂದು ಅವರ ಭಾಷೆಯಲ್ಲಿ ಹೇಳಿ. ಫೋನಿನಲ್ಲಿ ಹಳೆಯ ಪೋಸ್ಟ್ ತೋರಿಸಿ ಹೇಳಿದರೆ ಒಳ್ಳೆಯದು. ‘ನಿಮ್ಮ ಊರಿನಲ್ಲಿ ಉಳಿದವರೂ ಇದನ್ನು ನೋಡಬಹುದು, ನಿಮ್ಮನ್ನು ಓಡಿಸಿದವರೂ ನೋಡಬಹುದು’ ಎಂಬ ಮಾತನ್ನು ಬಿಡಬೇಡಿ. ‘ಬೇಡ ಎಂದರೂ ನಿಮಗೆ ಸಿಗುವ ನೆರವು ಕಡಿಮೆಯಾಗುವುದಿಲ್ಲ’ ಎನ್ನುವುದನ್ನು ಒಪ್ಪಿಗೆ ಕೇಳುವ ಮೊದಲೇ ಹೇಳಿ. ಆಹಾರದ ಸಾಲಿನಲ್ಲಿ ನಿಂತವರನ್ನು ಕೇಳಬೇಡಿ. ಅಲ್ಲಿ ಯಾರು ತಾನೇ ಬೇಡ ಎನ್ನುತ್ತಾರೆ, ಅಲ್ವಾ?

ಒಪ್ಪಿಗೆ ಕೊಟ್ಟರೂ ನಿಮ್ಮ ಹೊಣೆ ಮುಗಿಯಲಿಲ್ಲ. ಅಪಾಯ ಅವರಿಗಿಂತ ನಿಮಗೆ ಜಾಸ್ತಿ ಕಾಣುತ್ತಿದ್ದರೆ ಹಾಕಬೇಡಿ. ಕೆಲಸಕ್ಕೆ ಸೇರಿದ ಮೊದಲ ದಿನಗಳಲ್ಲಿ ನಾನೊಂದು ಫೋಟೋ ಕಳಿಸಿದ್ದೆ. ಮುಖ ಮಸುಕು ಮಾಡಿದ್ದೆ, ಹೆಸರು ಬದಲಿಸಿದ್ದೆ, ಎಲ್ಲ ಸರಿ ಎಂದುಕೊಂಡಿದ್ದೆ. ಹಿನ್ನೆಲೆಯಲ್ಲಿ ಒಂದು ನೀರಿನ ಗೋಪುರ ಇತ್ತು. ಆ ಭಾಗದಲ್ಲಿ ಅಂಥದ್ದು ಒಂದೇ. ಕುಟುಂಬ ಅಡಗಿದ್ದ ಬೀದಿ ಯಾವುದು ಎಂದು ನೋಡಿದವರಿಗೆ ತಕ್ಷಣ ಗೊತ್ತಾಗುತ್ತಿತ್ತು. ಅಲ್ಲಿಯದೇ ಸಹೋದ್ಯೋಗಿಯೊಬ್ಬರು ಪ್ರಕಟವಾಗುವ ಮೊದಲು ಅದನ್ನು ಹಿಡಿದರು. ಅಂದಿನಿಂದ ಯಾವ ಫೋಟೋವನ್ನೂ ಆ ನೆಲದವರೊಬ್ಬರು ನೋಡದೆ ನಾನು ಹೊರಗೆ ಬಿಟ್ಟಿಲ್ಲ.

ಕಳಿಸುವ ಮುನ್ನ ನೋಡಬೇಕಾದವು:

- ಫೋನಿನ ಫೋಟೋದೊಳಗೆ ತೆಗೆದ ಜಾಗ, ಸಮಯ ಅಡಗಿರುತ್ತದೆ. ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ, ಫೈಲಿನೊಳಗಿನ ಮಾಹಿತಿಯನ್ನೂ ಅಳಿಸಿ.
- ಮುಖಕ್ಕೆ ತೆಳ್ಳಗಿನ ಮಸುಕು ಸಾಲದು. ಹಿಂದಿನಿಂದ ತೆಗೆಯಿರಿ, ಕೈಗಳನ್ನು ತೆಗೆಯಿರಿ. ಹಚ್ಚೆ, ಕಸೂತಿ, ಒಡವೆ ಕೂಡ ಗುರುತು ಹಿಡಿಸುತ್ತವೆ.
- ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆಯೂ ಬೇಕು, ಮಗುವಿನ ಇಷ್ಟವೂ ಬೇಕು. ಒಂಟಿಯಾಗಿ ಬಂದ ಮಕ್ಕಳನ್ನು, ಸಶಸ್ತ್ರ ಗುಂಪಿನಿಂದ ಬಿಡಿಸಿ ತಂದ ಮಕ್ಕಳನ್ನು ಗುರುತು ಸಿಗುವಂತೆ ತೋರಿಸಲೇಬೇಡಿ.
- ಸೆರೆಸಿಕ್ಕ ಸೈನಿಕರ ಫೋಟೋ ಹಂಚಬೇಡಿ. ಯುದ್ಧಕೈದಿಗಳನ್ನು ಅವಮಾನದಿಂದ, ಜನರ ಕುತೂಹಲದಿಂದ ಕಾಪಾಡಬೇಕು ಎಂದು 1949ರ ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ ಹೇಳುತ್ತದೆ.
- ಹಿನ್ನೆಲೆಯಲ್ಲಿ ಚೆಕ್‌ಪೋಸ್ಟ್, ಸೇನಾ ವಾಹನ, ಸೇತುವೆ ಇದ್ದರೆ ಆ ಫೋಟೋ ಬೇಡ.

ಲೈಂಗಿಕ ಹಿಂಸೆಯಿಂದ ಬದುಕುಳಿದವರ ವಿಷಯದಲ್ಲಿ ನನ್ನ ಸಲಹೆ ಕಟುವಾಗಿದೆ: ನೀವಾಗಿ ಕಥೆ ಕೇಳಿಕೊಂಡು ಹೋಗಬೇಡಿ. ಇರಾಕ್‌ನಲ್ಲಿ ಐಸಿಸ್ ಗುಂಪಿನ ಸೆರೆಯಲ್ಲಿ ಇಂಥ ಹಿಂಸೆಗೆ ಸಿಕ್ಕಿದ್ದ ಯಜಿದಿ ಸಮುದಾಯದ ಹೆಂಗಸರು ಒಂದೇ ನೋವನ್ನು ಪತ್ರಕರ್ತರಿಗೆ, ತನಿಖೆಯವರಿಗೆ, ಸಂಸ್ಥೆಗಳಿಗೆ ಮತ್ತೆ ಮತ್ತೆ ಹೇಳಬೇಕಾಯಿತು. ಅಂಥ ಅನುಭವಗಳಿಂದಲೇ 2022ರಲ್ಲಿ ಮುರಾದ್ ಸಂಹಿತೆ ಬಂತು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ನಾದಿಯಾ ಮುರಾದ್ ಅವರ ಹೆಸರು ಅದಕ್ಕಿದೆ. ಮಾಹಿತಿ ಸಂಗ್ರಹಿಸುವವರು ಬದುಕುಳಿದವರ ಹಕ್ಕನ್ನು ಮೊದಲು ನೋಡಬೇಕು ಎನ್ನುವುದು ಅದರ ತಿರುಳು. ಅವರಾಗಿ ಬಂದು ಹೇಳುತ್ತೇನೆ ಎಂದರೆ, ಪಕ್ಕದಲ್ಲಿ ಆಪ್ತ ಸಲಹೆಗಾರರೊಬ್ಬರು ಇರಲಿ. ಪ್ರಕಟಿಸುವ ಹಿಂದಿನ ದಿನದವರೆಗೂ ಬೇಡ ಎನ್ನುವ ಹಕ್ಕು ಅವರದು.

ಸಂಗ್ರಹಿಸಿದ್ದನ್ನು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. 2022ರ ಜನವರಿಯಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಸರ್ವರ್‌ಗಳಿಗೆ ಹ್ಯಾಕರ್‌ಗಳು ನುಗ್ಗಿದ್ದು ಪತ್ತೆಯಾಯಿತು. ಯುದ್ಧದಲ್ಲಿ ಬೇರಾದ, ಕಾಣೆಯಾದ, ಬಂಧನದಲ್ಲಿದ್ದ 5,15,000ಕ್ಕೂ ಹೆಚ್ಚು ಜನರ ವಿವರ ಅಲ್ಲಿತ್ತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ ನಿಮ್ಮ ಲ್ಯಾಪ್‌ಟಾಪಿನ ಗತಿ ಯೋಚಿಸಿ. ಬೇಕಾದಷ್ಟೇ ಬರೆದುಕೊಳ್ಳಿ. ನಿಜವಾದ ಹೆಸರು ಮತ್ತು ಕಥೆ ಬೇರೆ ಬೇರೆ ಕಡೆ ಇರಲಿ. ಫೋನ್ ಲಾಕ್ ಆಗಿರಲಿ, ಫೈಲುಗಳು ಎನ್‌ಕ್ರಿಪ್ಟ್ ಆಗಿರಲಿ. ಚೆಕ್‌ಪೋಸ್ಟ್ ದಾಟುವ ದಿನ ಫೋನಿನಲ್ಲಿ ಏನೂ ಇರದಿರಲಿ.

ಹಂತ 7: ಪದಗಳನ್ನು ತೂಗಿ ಬಳಸಿ

ಕನ್ನಡದಲ್ಲಿ ಬರೆಯುವವರು ಮೂರು ಕಡೆ ಜಾಸ್ತಿ ಎಡವುತ್ತಾರೆ.

ಒಂದು, ‘ನಿರಾಶ್ರಿತರು’. ನಾವು ಮನೆ ಕಳೆದುಕೊಂಡ ಎಲ್ಲರಿಗೂ ಇದನ್ನೇ ಬಳಸುತ್ತೇವೆ. ಗಡಿ ದಾಟಿ ಬೇರೆ ದೇಶಕ್ಕೆ ಹೋದವರಿಗೆ 1951ರ ನಿರಾಶ್ರಿತರ ಒಪ್ಪಂದದಡಿ ಹಕ್ಕುಗಳಿವೆ. ತಮ್ಮ ದೇಶದೊಳಗೇ ಊರು ಬಿಟ್ಟವರಿಗೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಎರಡನೆಯವರನ್ನು ‘ದೇಶದೊಳಗೇ ನೆಲೆ ತಪ್ಪಿದವರು’ ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

ಎರಡು, ಸಾವು–ನೋವಿನ ಲೆಕ್ಕ. ಇಂಗ್ಲಿಷ್ ವರದಿಯಲ್ಲಿ ‘ಕ್ಯಾಶುವಾಲ್ಟಿ’ ಎಂದರೆ ಸತ್ತವರೂ ಗಾಯಗೊಂಡವರೂ ಸೇರಿ. ಅದನ್ನು ‘ಸತ್ತವರು’ ಎಂದು ಬರೆದರೆ ನೂರಾರು ಜೀವಂತ ಜನರನ್ನು ಕೊಂದಂತೆ.

ಮೂರು, ‘ಕ್ಷಾಮ’. ಬರ ಬೇರೆ, ಹಸಿವು ಬೇರೆ, ಕ್ಷಾಮ ಬೇರೆ. ಆಹಾರ ಭದ್ರತೆಯನ್ನು ಐದು ಹಂತಗಳಲ್ಲಿ ಅಳೆಯುವ ಐಪಿಸಿ ಎಂಬ ಪದ್ಧತಿ ಇದೆ. ಐದನೆಯದು ಕ್ಷಾಮ. ಸರಿಸುಮಾರು 20% ಮನೆಗಳಲ್ಲಿ ಆಹಾರದ ಘೋರ ಕೊರತೆ, 30% ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, ಹಸಿವು ಮತ್ತು ಅದರ ಜೊತೆ ಬರುವ ಕಾಯಿಲೆಯಿಂದ ದಿನಕ್ಕೆ ಪ್ರತಿ 10,000 ಜನರಲ್ಲಿ 2 ಸಾವು. ಈ ಗೆರೆಗಳನ್ನು ದಾಟಿದಾಗ ಆ ಪದ ಬರುತ್ತದೆ. ಸುಡಾನ್‌ನ ಉತ್ತರ ದಾರ್ಫುರ್‌ನ ಜಮ್‌ಜಮ್ ಶಿಬಿರದಲ್ಲಿ ಕ್ಷಾಮವಿದೆ ಎಂದು 2024ರ ಆಗಸ್ಟ್ 1ರಂದು ಐಪಿಸಿಯ ಕ್ಷಾಮ ಪರಿಶೀಲನಾ ಸಮಿತಿ ಹೇಳಿತು. ಮನಬಂದಂತೆ ಆ ಪದ ಬಳಸಿದರೆ ನಿಜವಾದ ಘೋಷಣೆಯ ದಿನ ಯಾರೂ ತಿರುಗಿ ನೋಡುವುದಿಲ್ಲ. ಹಾಗೆಂದು ಘೋಷಣೆಗೆ ಕಾಯುತ್ತಾ ಕೂರಲೂಬಾರದು. 2011ರಲ್ಲಿ ಸೊಮಾಲಿಯಾದಲ್ಲಿ ಕ್ಷಾಮ ಘೋಷಿಸಿದ್ದು ಜುಲೈ 20ಕ್ಕೆ. ಆ ದುರಂತದಲ್ಲಿ ಸತ್ತವರು ಸುಮಾರು 2,60,000 ಜನ. ಅದರಲ್ಲಿ ಅರ್ಧದಷ್ಟು ಜನ ಘೋಷಣೆಗೆ ಮುಂಚೆಯೇ ಹೋಗಿದ್ದರು. ಆದ್ದರಿಂದ ಪದ ಬರುವ ಮೊದಲು ಕಂಡದ್ದನ್ನು ಹೇಳಿ: ಈ ಶಿಬಿರದಲ್ಲಿ ಜನ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದಾರೆ, ಈ ವಾರ ಕ್ಲಿನಿಕ್‌ಗೆ ಬಂದ ಮಕ್ಕಳಲ್ಲಿ ಇಷ್ಟು ಜನರ ತೂಕ ಕುಸಿದಿದೆ.

ಪಕ್ಷಗಳ ಬಗ್ಗೆ ಬರೆಯುವಾಗ ‘ವಿಮೋಚನೆಯಾದ ಊರು’, ‘ಉಗ್ರರು’, ‘ದೇಶದ್ರೋಹಿಗಳು’ ಬೇಡ. ‘ಇಂಥ ಗುಂಪಿನ ಹಿಡಿತದಲ್ಲಿರುವ ಪ್ರದೇಶ’ ಎಂದರೆ ಸಾಕು. ಒಂದೇ ಊರಿಗೆ ಎರಡು ಹೆಸರಿದ್ದರೆ, ಎಲ್ಲ ನೆರವು ಸಂಸ್ಥೆಗಳು ಯಾವುದನ್ನು ಬಳಸುತ್ತಿವೆ ಎಂದು ಕೇಳಿ ಅದನ್ನೇ ಬಳಸಿ. ನಕ್ಷೆಯಲ್ಲಿ ಗಡಿಗೆರೆ ಎಳೆಯುವ ಮುನ್ನ ಎರಡು ಸಲ ಯೋಚಿಸಿ. ಹಾಗೆಯೇ ಕೆಂಪು ಶಿಲುಬೆಯ ಗುರುತು ವೈದ್ಯಕೀಯದ ಸಾಮಾನ್ಯ ಚಿಹ್ನೆಯೇನೂ ಅಲ್ಲ. ಜಿನೀವಾ ಒಪ್ಪಂದಗಳ ರಕ್ಷಣೆ ಇರುವ ಲಾಂಛನ. ಪೋಸ್ಟರಿನ ಚಂದಕ್ಕೆಂದು ಅದನ್ನು ಹಾಕಿಕೊಳ್ಳುವಂತಿಲ್ಲ.

ಹಂತ 8: ಪತ್ರಕರ್ತರ ಜೊತೆ

ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡಿ. ಯಾವ ಹೇಳಿಕೆ ಯಾರ ಒಪ್ಪಿಗೆ ಇಲ್ಲದೆ ಹೊರಹೋಗಬಾರದು ಎಂಬುದೂ ಬರಹದಲ್ಲಿರಲಿ. ಒಪ್ಪಿಗೆ ಕೊಡುವವರ ಸಾಲು ಮೂರು ಜನಕ್ಕಿಂತ ಉದ್ದ ಬೇಡ, ರಾತ್ರಿ ಎರಡಕ್ಕೂ ಫೋನ್ ಎತ್ತುವವರಾಗಿರಲಿ. ನೀವು ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನು ಬೇರೆ ಬೇರೆ ಇಟ್ಟು ಮಾತಾಡಿ. ‘ನಮ್ಮ ಆಸ್ಪತ್ರೆಗೆ 40 ಗಾಯಾಳುಗಳು ಬಂದರು’ ಎಂಬುದು ನಿಮ್ಮದು. ‘ಯಾರು ಹೊಡೆದರು’ ಎಂಬುದು ನಿಮಗೆ ಗೊತ್ತಿಲ್ಲದಿದ್ದರೆ ಅದನ್ನೇ ಹೇಳಿ.

ಕಂಡ ಅನ್ಯಾಯವನ್ನು ಬಹಿರಂಗವಾಗಿ ಹೇಳಬೇಕೇ? ಇದಕ್ಕೆ ಒಂದೇ ಉತ್ತರ ಇಲ್ಲ. ರೆಡ್ ಕ್ರಾಸ್ ಸಮಿತಿ ಬಹುತೇಕ ಪಕ್ಷಗಳ ಜೊತೆ ಗುಟ್ಟಾಗಿ ಮಾತಾಡುತ್ತದೆ. ಅದರಿಂದಲೇ ಜೈಲುಗಳ ಬಾಗಿಲು ತೆರೆಯುತ್ತದೆ. 1971ರಲ್ಲಿ ಹುಟ್ಟಿದ ‘ಗಡಿರಹಿತ ವೈದ್ಯರು’ ಸಂಸ್ಥೆ ಕಂಡದ್ದನ್ನು ಹೇಳುವುದೂ ಕೆಲಸದ ಭಾಗ ಎನ್ನುತ್ತದೆ. ಬಲವಂತದ ಸ್ಥಳಾಂತರಕ್ಕೆ ನೆರವು ಬಳಕೆಯಾಗುತ್ತಿದೆ ಎಂದು ಹೇಳಿದ್ದಕ್ಕೆ ಅದರ ಫ್ರೆಂಚ್ ವಿಭಾಗವನ್ನು 1985ರಲ್ಲಿ ಇಥಿಯೋಪಿಯಾ ಹೊರಹಾಕಿತು. 2009ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಸುಡಾನ್ ಅಧ್ಯಕ್ಷ ಒಮರ್ ಅಲ್ ಬಷೀರ್ ವಿರುದ್ಧ ವಾರಂಟ್ ಹೊರಡಿಸಿದಾಗ, ಸರ್ಕಾರ 13 ವಿದೇಶಿ ನೆರವು ಸಂಸ್ಥೆಗಳನ್ನು ದೇಶ ಬಿಡಿಸಿತು. ನೀರು, ಔಷಧಿ ನಿಂತದ್ದು ದಾರ್ಫುರ್‌ನ ಶಿಬಿರಗಳಲ್ಲಿ. ನನ್ನ ತೀರ್ಮಾನ ಹೇಳುತ್ತೇನೆ: ಮಾತಾಡಿದರೆ ಯಾರಿಗೆ ಏನಾಗುತ್ತದೆ, ಸುಮ್ಮನಿದ್ದರೆ ಯಾರಿಗೆ ಏನಾಗುತ್ತದೆ ಎಂದು ಎರಡು ಪಟ್ಟಿ ಮಾಡಿ. ಆ ಪಟ್ಟಿ ಮಾಡುವಾಗ ಸ್ಥಳೀಯ ಸಹೋದ್ಯೋಗಿಗಳು ಕೋಣೆಯಲ್ಲಿರಲೇಬೇಕು. ಪೆಟ್ಟು ಮೊದಲು ಬೀಳುವುದು ಅವರಿಗೆ.

ಹಂತ 9: ಕೆಟ್ಟ ದಿನಕ್ಕೆ ತಯಾರಿರಿ

2024ರಲ್ಲಿ ಜಗತ್ತಿನಾದ್ಯಂತ 300ಕ್ಕೂ ಹೆಚ್ಚು ನೆರವು ಕಾರ್ಯಕರ್ತರು ಕೊಲೆಯಾದರು. ಅವರಲ್ಲಿ ಬಹುಪಾಲು ಜನ ಅದೇ ದೇಶದವರು. ಅಂಥ ದಿನ ನಿಮ್ಮ ತಂಡಕ್ಕೂ ಬರಬಹುದು. ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ಹಾಗಾಗಿ ಈಗಲೇ ಬರೆದಿಡಿ.

ಮನೆಯವರಿಗೆ ಮೊದಲು ತಿಳಿಸಬೇಕು. ಅವರಿಗೆ ಗೊತ್ತಾಗುವವರೆಗೆ ಹೆಸರು, ಊರು, ಹುದ್ದೆ ಯಾವುದೂ ಹೊರಗೆ ಹೋಗಬಾರದು. ಸಿಬ್ಬಂದಿಯ ಗುಂಪುಗಳಲ್ಲೂ ಹೋಗಬಾರದು. ಮೊದಲ ಹೇಳಿಕೆ ನಾಲ್ಕು ಸಾಲು ಇರಲಿ:

“ಇಂದು ಬೆಳಿಗ್ಗೆ ನಮ್ಮ ಕ್ಲಿನಿಕ್ ಇರುವ ಪ್ರದೇಶದಲ್ಲಿ ದಾಳಿ ನಡೆದಿದೆ. ನಮ್ಮ ಸಿಬ್ಬಂದಿ ಮತ್ತು ರೋಗಿಗಳ ಸ್ಥಿತಿ ತಿಳಿಯಲು ಪ್ರಯತ್ನಿಸುತ್ತಿದ್ದೇವೆ. ಮನೆಯವರಿಗೆ ಮೊದಲು ತಿಳಿಸುತ್ತೇವೆ. ಖಚಿತವಾದದ್ದನ್ನು ಸಂಜೆ 6ಕ್ಕೆ ಹೇಳುತ್ತೇವೆ.”

ಸಂಖ್ಯೆ ಹೇಳಲು ಅವಸರ ಬೇಡ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದೂಜ್‌ನಲ್ಲಿ ಗಡಿರಹಿತ ವೈದ್ಯರು ನಡೆಸುತ್ತಿದ್ದ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿತು. ಮೊದಲ ದಿನಗಳಲ್ಲಿ ಸತ್ತವರು 22 ಎಂದು ಲೆಕ್ಕ ಸಿಕ್ಕಿತ್ತು. ಸುಟ್ಟ ಕಟ್ಟಡದಲ್ಲಿ ಹುಡುಕಿ, ಕಾಣೆಯಾದವರ ಮನೆಗಳನ್ನು ಪತ್ತೆ ಹಚ್ಚಿ, ಆ ವರ್ಷದ ಡಿಸೆಂಬರ್ ಹೊತ್ತಿಗೆ 42 ಎಂದು ಖಚಿತವಾಯಿತು. ‘ಇದುವರೆಗೆ ನಮಗೆ ಖಚಿತವಾದದ್ದು’ ಎಂಬ ಎರಡು ಮೂರು ಪದ ಪ್ರತಿ ಸಂಖ್ಯೆಯ ಹಿಂದೆ ಇರಲಿ.

ಅಪಹರಣವಾದರೆ ಪೂರ್ತಿ ಮೌನ. ಸಂಧಾನ ನಡೆಸುವವರು ಹೇಳುವವರೆಗೆ ‘ಹೌದು’ ಕೂಡ ಇಲ್ಲ, ‘ಇಲ್ಲ’ ಕೂಡ ಇಲ್ಲ. ಹಳೆಯ ಪೋಸ್ಟ್‌ಗಳಲ್ಲಿ ಆ ವ್ಯಕ್ತಿಯ ಫೋಟೋ ಇದ್ದರೆ ತೆಗೆದುಹಾಕಿ.

ಹಂತ 10: ಜೊತೆಯವರು, ಮತ್ತು ಹೊರಡುವ ದಿನ

ಅನುವಾದಕರು, ರೇಡಿಯೋ ನಿರೂಪಕಿ, ಮೆಗಾಫೋನು ಹಿಡಿದ ಹುಡುಗ, ಇವರೆಲ್ಲ ನೀವು ಹೋದ ಮೇಲೂ ಅಲ್ಲೇ ಇರುತ್ತಾರೆ. ಅವರ ಹೆಸರು, ಫೋಟೋ ನಿಮ್ಮ ಯಶಸ್ಸಿನ ಕಥೆಯಲ್ಲಿ ಬರಬೇಕೇ ಎಂದು ಪ್ರತಿ ಸಲ ಕೇಳಿ. ಲೋಗೊ ಇರುವ ಜಾಕೆಟ್ ಒಂದು ಊರಿನಲ್ಲಿ ರಕ್ಷಣೆ, ಮುಂದಿನ ಊರಿನಲ್ಲಿ ಗುರಿ. ಬೇಡ ಎಂದರೆ ತೊಡಿಸಬೇಡಿ. ಇಡೀ ದಿನ ಹೆಣಗಳ ವಿಡಿಯೋ ನೋಡಿ ಪರಿಶೀಲಿಸುವವರಿಗೆ ಸರದಿ ಹಾಕಿ. ಆ ಕೆಲಸಕ್ಕೆ ಸದ್ದು ಆಫ್ ಮಾಡಿ ನೋಡುವ ಅಭ್ಯಾಸ ಒಳ್ಳೆಯದು. ನಿದ್ದೆ ಬಿಟ್ಟವರನ್ನು ಕೆಲಸದಿಂದ ಇಳಿಸಿ ಮಾತಾಡಿಸಿ. ನೀವೂ ಆ ಪಟ್ಟಿಯಲ್ಲಿದ್ದೀರಿ.

ಹೊರಡುವ ವಾರ ಒಪ್ಪಿಗೆ ಪತ್ರಗಳನ್ನು ಮುಂದಿನವರಿಗೆ ಕೊಡಿ, ನಿಮ್ಮ ಫೋನಿನಲ್ಲಿರುವ ಪ್ರತಿಗಳನ್ನು ಅಳಿಸಿ. ಗಾಳಿಮಾತಿನ ಪುಸ್ತಕವನ್ನು ಕೈಗಿಟ್ಟು, ಉತ್ತರ ಬಾಕಿ ಇರುವ ಪುಟಗಳನ್ನು ತೋರಿಸಿ. ಯಾರಿಗೆ ಏನು ಮಾತು ಕೊಟ್ಟಿದ್ದೀರಿ ಎಂದು ಬರೆದುಕೊಡಿ. ಕಥೆ ಹೇಳಿದವರಿಗೆ ಅದು ಎಲ್ಲಿ ಬಂತು ಎಂದು ತೋರಿಸಿ ಬನ್ನಿ.

ಕೊನೆಗೆ, ಶಿಬಿರದ ಗೋಡೆಗಳ ಮೇಲೆ ನೀವು ಅಂಟಿಸಿದ ದೂರಿನ ನಂಬರಿಗೆ ಬೇರೆ ಯಾರದಾದರೂ ಫೋನಿನಿಂದ ಕರೆ ಮಾಡಿ. ಆ ಕಡೆಯಿಂದ ಯಾರಾದರೂ ಎತ್ತುತ್ತಾರಾ, ಅಲ್ಲಿನ ಜನರ ಭಾಷೆಯಲ್ಲಿ ಮಾತಾಡುತ್ತಾರಾ ಕೇಳಿ. ಯಾರೂ ಎತ್ತದಿದ್ದರೆ ಹೊರಡುವುದನ್ನು ಎರಡು ದಿನ ಮುಂದಕ್ಕೆ ಹಾಕಿ.